ಆಯ್ತಪ್ಪನವರ ಹಿಮ್ಮುಖ ನಡಿಗೆ

ನಮ್ಮ ಎದುರು ಮನೆಯ ಆಯ್ತಪ್ಪನವರು ಒಂದು ಸೋಮವಾರ ಬೆಳಿಗ್ಗೆ ಹಿಂದುಹಿಂದಾಗಿ ನಡೆಯುತ್ತಾ ಆಫೀಸಿಗೆ ಹೋದರು.

ಓದುಗರೇ, ಸರಿಯಾಗಿಯೇ ಓದಿದ್ದೀರಿ, ಮುದ್ರಣದ ತಪ್ಪೇನಿಲ್ಲ. ಬಾಗಿಲು ತೆರೆಯಿತು. ಮೊದಲು ಬೆನ್ನು ಬಂತು, ಆಮೇಲೆ ಕೈಯಲ್ಲಿದ್ದ ಊಟದ ಡಬ್ಬಿ, ಕಟ್ಟಕಡೆಗೆ ಮುಖ. ಮೆಟ್ಟಿಲನ್ನು ಕಾಲಿನಿಂದ ತಡಕಿ ಇಳಿದರು, ಗೇಟನ್ನು ಬೆನ್ನಿನಿಂದಲೇ ತಳ್ಳಿದರು, ಮತ್ತು ತಮ್ಮ ಮನೆಯನ್ನು ನೆಟ್ಟ ನೋಟದಿಂದ ನೋಡುತ್ತಾ ಬೀದಿಯ ತುದಿಯವರೆಗೆ ಹಿಂದಕ್ಕೆ ನಡೆದು ತಿರುವಿನಲ್ಲಿ ಮರೆಯಾದರು. ನಾನು ಕುಂಡಕ್ಕೆ ನೀರು ಹಾಕುತ್ತಿದ್ದೆ. ಹಾಕುತ್ತಲೇ ಇದ್ದೆ. ಕುಂಡ ತುಂಬಿ ನೀರು ನನ್ನ ಚಪ್ಪಲಿಗೆ ಇಳಿದಾಗಲೇ ಎಚ್ಚರವಾದದ್ದು.

ಆಯ್ತಪ್ಪ ಎನ್ನುವುದು ಅವರ ಹೆಸರಲ್ಲ. ಹೆತ್ತವರು ಇಟ್ಟ ಹೆಸರೊಂದಿದೆ, ಅದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಬಳಕೆಯಲ್ಲಿದೆ. ಯಾರು ಏನು ಕೇಳಿದರೂ “ಆಯ್ತು” ಎನ್ನುವ ಸ್ವಭಾವದಿಂದ ಈ ಹೆಸರು ಅಂಟಿಕೊಂಡಿತು. “ನಿಮ್ಮ ಏಣಿ ಕೊಡ್ತೀರಾ?” “ಆಯ್ತು.” “ನಿಮ್ಮ ಗೇಟಿನ ಮುಂದೆ ಮರಳು ಸುರೀಲಾ?” “ಆಯ್ತು.” ಒಮ್ಮೆ ಯಾರೋ ಅಪರಿಚಿತರು “ಈ ಬಸ್ಸು ಆಸ್ಪತ್ರೆ ಕಡೆ ಹೋಗುತ್ತಾ?” ಎಂದು ಕೇಳಿದ್ದಕ್ಕೂ ಆಯ್ತು ಎಂದುಬಿಟ್ಟು, ಆಡಿದ ಮಾತು ಉಳಿಸಿಕೊಳ್ಳಲು ತಾವೂ ಹತ್ತಿ ಆಸ್ಪತ್ರೆಯ ತನಕ ಹೋಗಿ ಬಂದಿದ್ದರು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರಿಗೆ ಕೆಲಸ. ನಲ್ಲಿಯಲ್ಲಿ ನೀರಿಲ್ಲವೆಂದು ಬೈಯಲು ಬಂದವರು ಅವರ “ಆಯ್ತು” ಕೇಳಿ ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ನೀರು ಮಾತ್ರ ಬರುತ್ತಿರಲಿಲ್ಲ.

ಅವರ ಹಿಮ್ಮುಖ ನಡಿಗೆಯ ಗುಟ್ಟು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆದರೆ ಓದುಗರನ್ನು ಕಾಯಿಸಿ ನನಗೆ ಆಗಬೇಕಾದ್ದೇನೂ ಇಲ್ಲವಾದ್ದರಿಂದ ಈಗಲೇ ಹೇಳಿಬಿಡುತ್ತೇನೆ.

ಅವರ ಅಕ್ಕನ ಮಗಳು ಹಾಡುಗಾರ್ತಿ. ಈಗಿನ ಅರ್ಥದಲ್ಲಿ ಹಾಡುಗಾರ್ತಿ. ನಮ್ಮ ಕಾಲದಲ್ಲಿ ಹಾಡುವವರು ಕೂತು ಹಾಡುತ್ತಿದ್ದರು, ನಾವು ಕಣ್ಣು ಮುಚ್ಚಿ ಕೇಳುತ್ತಿದ್ದೆವು, ಕೆಲವೊಮ್ಮೆ ಹಾಗೆಯೇ ನಿದ್ದೆಯೂ ಹತ್ತುತ್ತಿತ್ತು. ಈಗ ಹಾಡನ್ನು ನೋಡಬೇಕು. ಹಾಡುವವರು ತಮ್ಮದಲ್ಲದ ಕಾರಿನ ಮೇಲೆ ಒರಗಬೇಕು. ಕೈಯಲ್ಲಿ ಕೊಡೆಯಿದ್ದೂ ನೆನೆಯಬೇಕು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಬಟ್ಟೆ ಬದಲಾಗಿರಬೇಕು. ಎಲ್ಲಿಂದಲೋ ಹೊಗೆ ಬರಬೇಕು, ಮತ್ತು ಯಾರೂ ಕೆಮ್ಮಬಾರದು. ಹುಡುಗಿ ಹಿಂದೆ ಒಂದೆರಡು ಹಾಡು ಮಾಡಿದ್ದಳು. ಕಂಠ ಚೆನ್ನಾಗಿತ್ತು. ಆದರೆ ಕ್ಯಾಮೆರಾದ ಮುಂದೆ ಸುಮ್ಮನೆ ನಿಂತು ಹಾಡಿದ್ದರಿಂದ, ಬಂಧುಗಳನ್ನು ಬಿಟ್ಟರೆ ಯಾರೂ ನೋಡಲಿಲ್ಲ. ಬಂಧುಗಳು ಕೂಡ ಪೂರ್ತಿ ನೋಡಲಿಲ್ಲ.

ಅವಳ ಅಪ್ಪ, ಎಂದರೆ ಆಯ್ತಪ್ಪನವರ ಭಾವ, ಹಾರ್ಡ್‌ವೇರ್ ಅಂಗಡಿಯವರು. ಮೊಳೆ, ಬೀಗ, ಪೈಪು, ಪೇಂಟು ಮಾರುತ್ತಾರೆ. ಕೆಟ್ಟವರಲ್ಲ. ಮಗಳ ಬದುಕು ಒಂದು ಕಡೆ ನಿಲ್ಲಲಿ ಎಂದು ಬಯಸಿದರು, ಅದು ತಮ್ಮ ಕಣ್ಣಳತೆಯಲ್ಲಿಯೇ ನಿಂತರೆ ಇನ್ನೂ ಒಳ್ಳೆಯದು ಎಂದುಕೊಂಡರು. “ಇದೇ ಕೊನೇ ಹಾಡು,” ಎಂದು ಅವಳಿಗೆ ಹೇಳಿದ್ದರು. “ಇದೂ ನೆಟ್ಟಗಾಗ್ಲಿಲ್ಲ ಅಂದ್ರೆ ಮುಂದಿನ ತಿಂಗಳಿಂದ ಪೇಂಟ್ ಕೌಂಟರಲ್ಲಿ ಕೂರ್ತೀಯ. ಮತ್ತೆ ಹಾಡು ಪಾಡು ಅನ್ನೋ ಹಾಗಿಲ್ಲ.” ಹುಡುಗಿ ಒಪ್ಪಿಕೊಂಡಿದ್ದಳು. ಮಾತಿಗೆ ತಪ್ಪುವವಳಲ್ಲ.

ಅವಳು ಮಾಮನ ಮನೆಗೆ ಬಂದು ಇಡೀ ಯೋಜನೆಯನ್ನು ಬಿಡಿಸಿ ಹೇಳಿದಳು.

“ಮಾಮ, ಹಾಡು ಮೂರೇ ನಿಮಿಷ. ಅಷ್ಟರಲ್ಲಿ ಒಂದು ಕಥೆ ಮುಗೀಬೇಕು. ಬಾಯಲ್ಲಿ ಹೇಳೋ ಹಾಗಿಲ್ಲ. ಬಟ್ಟೆ ಹೇಳ್ಬೇಕು, ಕ್ಯಾಮೆರಾ ಹೇಳ್ಬೇಕು.”

“ಆಯ್ತು.”

“ಇಡೀ ಬೀದಿ ಹಿಂದಕ್ಕೆ ಹೋಗ್ತಿರುತ್ತೆ. ಜನ, ಸೈಕಲ್ಲು, ಹಾಲಿನವನು, ಎಲ್ಲಾ ಹಿಂದಕ್ಕೆ. ನಾನೊಬ್ಳೇ ಈ ತುದಿಯಿಂದ ಮುಂದಕ್ಕೆ ಬರ್ತೀನಿ. ಆ ತುದಿಯಿಂದ ಅಪ್ಪ ಮುಂದಕ್ಕೆ ಬರ್ತಾರೆ, ಕೈಯಲ್ಲಿ ಹಳದಿ ಕೋಟು. ನಡುವೆ ಸಿಕ್ತೀವಿ. ಅಪ್ಪ ನಂಗೆ ಕೋಟು ಹೊದಿಸಿ ‘ಬಾ ಮಗಳೇ’ ಅಂತಾರೆ. ಮುಗೀತು.”

“ಭಾವ ಒಪ್ಪಿದ್ರಾ?”

“ಅಯ್ಯೋ, ನಿಜವಾದ ಅಪ್ಪ ಅಲ್ಲ ಮಾಮ. ಅಪ್ಪನ ಪಾತ್ರ ನೀನು.”

ಆಯ್ತಪ್ಪನವರು ಈ ಸಲ “ಆಯ್ತು” ಎನ್ನಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಅವರಿಗೆ ಮಕ್ಕಳಿಲ್ಲ.

“ಆದ್ರೆ ಇಡೀ ಬೀದಿಗೆ ಹಿಂದಕ್ಕೆ ನಡೀರಿ ಅಂದ್ರೆ ನಡೀತಾರಾ?” ಎಂದು ಹುಡುಗಿ ತಾನೇ ಕೇಳಿ ತಾನೇ ಉತ್ತರಿಸಿದಳು. “ನಡೆಯಲ್ಲ. ಅದಕ್ಕೇ ಉಲ್ಟಾ ಮಾಡೋದು. ಬೀದಿ ದಿನಾ ನಡೆಯೋ ಹಾಗೇ ನಡೀಲಿ. ನಾವಿಬ್ರೇ ಹಿಂದಕ್ಕೆ ನಡೆಯೋಣ. ನಡುವೆ ನಿಂತು ಶುರು ಮಾಡೋಣ. ನೀನು ನನ್ನ ಮೈಮೇಲಿಂದ ಕೋಟು ತೆಗಿ, ನನ್ನ ಮುಖ ನೋಡ್ತಾ ನೋಡ್ತಾ ಹಿಂದಕ್ಕೆ ಹೋಗು. ನಾನು ನನ್ನ ಕಡೆಗೆ ಹೋಗ್ತೀನಿ. ಆಮೇಲೆ ವಿಡಿಯೋ ಕೊನೆಯಿಂದ ಮೊದಲಿಗೆ ಓಡಿಸಿದ್ರೆ ನಾವು ಮುಂದಕ್ಕೆ, ಬೀದಿ ಹಿಂದಕ್ಕೆ.”

ಮಾತನ್ನೂ ತಿರುಗಿಸಿಯೇ ಆಡಬೇಕಾಗಿತ್ತು, ಇಲ್ಲದಿದ್ದರೆ ತುಟಿ ಹೊಂದುವುದಿಲ್ಲ. ಹುಡುಗಿ ಪೂರ್ತಿ ಹಾಡನ್ನೇ ಕೊನೆಯಿಂದ ಮೊದಲಿಗೆ ಬಾಯಿಪಾಠ ಮಾಡುತ್ತಿದ್ದಳು. ಮಾಮನಿಗೆ ಇದ್ದದ್ದು ಒಂದೇ ಮಾತು. “ಬಾ ಮಗಳೇ” ಎನ್ನುವುದನ್ನು ಅವರು “ಏಳಗಮಾಬ್” ಎಂದು ಹೇಳಬೇಕು.

“ಒಂದು ಮಾತ್ರ ನೆನಪಿಟ್ಕೋ,” ಎಂದಳು ಹೋಗುವಾಗ. “ಯಾರಿಗೂ ಹೇಳ್ಬೇಡ. ಗೊತ್ತಾಯ್ತು ಅಂದ್ರೆ ಎಲ್ರೂ ತಲೆ ಬಾಚ್ಕೊಂಡು ಬಂದು ಕ್ಯಾಮೆರಾನೇ ನೋಡ್ತಾರೆ. ಪುರಸಭೆಯವ್ರು ಶೂಟಿಂಗಿಗೆ ಕೊಟ್ಟಿರೋದು ಒಂದೇ ಬೆಳಿಗ್ಗೆ. ಅತ್ತೆಗೂ ಹೇಳ್ಬೇಡ ಮಾಮ, ಅತ್ತೆಗೆ ಹೇಳೋದೂ ಬೀದಿಗೆ ಹೇಳೋದೂ ಒಂದೇ.”

“ಆಯ್ತು,” ಎಂದರು ಮಾಮ.

ಅಪ್ಪನ ಪಾತ್ರ ಸಿಕ್ಕ ಹುಮ್ಮಸ್ಸಿನಲ್ಲಿ ಅವರು ಮಾರನೆಯ ದಿನವೇ ದರ್ಜಿಯ ಬಳಿ ಹೋಗಿ, ಹೊಳೆಯುವ ಕಾಲರಿನ ಕಪ್ಪು ಸೂಟಿಗೆ ಅಳತೆ ಕೊಟ್ಟು ಬಂದರು. ಯಾವುದಕ್ಕೆಂದು ದರ್ಜಿ ಕೇಳಿದಾಗ “ಸುಮ್ನೆ, ಮನೇಲಿ ಹಾಕ್ಕೊಳ್ಳೋಕೆ” ಎಂದರಂತೆ. ಸೂಟನ್ನು ನೋಡಿದ ಹುಡುಗಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ಪಾತ್ರಕ್ಕೆ ಅವಳು ಆರಿಸಿದ್ದು, ಅವರ ಹೆಂಡತಿ ಒರೆಸುವ ಬಟ್ಟೆ ಮಾಡಬೇಕೆಂದು ಎತ್ತಿಟ್ಟಿದ್ದ ಬೂದು ಸ್ವೆಟರ್. ಮೊಣಕೈಯಲ್ಲಿ ತೂತಿತ್ತು. “ಇದೇ ಅಪ್ಪ,” ಎಂದಳು. “ಎಲ್ಲರ ಬಟ್ಟೆನೂ ಮಂಕಾಗಿರ್ಬೇಕು. ಹಳದಿ ಕೋಟು ಒಂದೇ ಕಣ್ಣಿಗೆ ಹೊಡೀಬೇಕು.”

ಹೀಗೆ ಆರಂಭವಾದದ್ದು ಆಯ್ತಪ್ಪನವರ ಅಭ್ಯಾಸ.

ಮೊದಲು ಇದನ್ನು ಕಂಡವರು ಅವರ ಹೆಂಡತಿ. ಮದುವೆಯಾಗಿ ಬಹಳ ವರ್ಷವಾಗಿತ್ತು. ಇಷ್ಟು ವರ್ಷವೂ ಆ ತಾಯಿ ಬೆಳಿಗ್ಗೆ ಕಂಡದ್ದು ಗಂಡನ ಬೆನ್ನು ಮಾತ್ರ. ಈಗ ಇದ್ದಕ್ಕಿದ್ದ ಹಾಗೆ ಗಂಡ ಮನೆ ಬಿಟ್ಟು ಹೋಗುವಾಗ ಕಣ್ಣು ಮಿಟುಕಿಸದೆ ಇವರನ್ನೇ ನೋಡುತ್ತಾ, ನೋಡುವುದನ್ನು ಬಿಡಲಾರದೆ, ಹಿಂದುಹಿಂದಾಗಿ ಹೋಗುತ್ತಿದ್ದಾರೆ. ಕಸದ ಡಬ್ಬಿಗೆ ಢಿಕ್ಕಿ ಹೊಡೆದರೂ ಕಣ್ಣು ಕೀಳುವುದಿಲ್ಲ. ಜೊತೆಗೆ ತುಟಿ ಏನನ್ನೋ ಪಿಸುಗುಟ್ಟುತ್ತಿದೆ.

“ಏನ್ರೀ ಇದು?” ಎಂದು ಮೊದಲ ಸಂಜೆಯೇ ಕೇಳಿದರು.

“ಏನಿಲ್ಲ.”

“ನಂಗೋಸ್ಕರ ಏನ್ರೀ?”

ಆಯ್ತಪ್ಪನವರಿಗೆ ಸತ್ಯ ಹೇಳುವ ಹಾಗಿರಲಿಲ್ಲ, ಇಲ್ಲ ಎನ್ನುವ ರೂಢಿಯೂ ಇರಲಿಲ್ಲ. “ಆಯ್ತು,” ಎಂದರು.

ಅಂದಿನಿಂದ ಆಕೆ ಬೆಳಿಗ್ಗೆ ಮುಖ ತೊಳೆದು, ಒಳ್ಳೆಯ ಸೀರೆಯುಟ್ಟು ಗೇಟಿಗೆ ಬಂದು ನಿಲ್ಲತೊಡಗಿದರು. ಬೀದಿಯ ಹೆಂಗಸರೆಲ್ಲ ಇದನ್ನು ನೋಡಿದರು. ನೋಡಿ ಸುಮ್ಮನಿದ್ದಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಹೆಂಡತಿ ನನ್ನ ಕೈಗೆ ಚೀಲ ಕೊಟ್ಟು, ಗೋಡೆಯ ಕಡೆ ನೋಡುತ್ತಾ ಹೇಳಿದಳು: “ಎದುರು ಮನೆಯವ್ರು ಬೀದಿ ಕೊನೆ ತನಕ ಹಾಗೇ ಹೋಗ್ತಾರೆ. ನೀವು ಲೈಟ್ ಕಂಬದ ತನಕ ಹೋದ್ರೆ ಸಾಕು.” ನಾನು ಲೈಟ್ ಕಂಬದ ತನಕ ಹೋದೆ. ಅಲ್ಲಿ ನನಗಿಂತ ಮೊದಲೇ ಮೂಲೆಮನೆಯವರು ಬೆನ್ನು ಕೊಟ್ಟು ನಿಂತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರಡನೆಯವರು ವಾಯುವಿಹಾರ ಸಂಘದ ಅಧ್ಯಕ್ಷರು. ನಿವೃತ್ತ ಹೆಡ್‌ಮಾಸ್ಟರು, ಮಂಡಿ ನೋವಿನ ವಿಷಯದಲ್ಲಿ ಬೀದಿಗೇ ಹಿರಿಯರು. ಒಂದು ಬೆಳಿಗ್ಗೆ ಆಯ್ತಪ್ಪನವರನ್ನು ಅಡ್ಡಗಟ್ಟಿದರು. ಅಡ್ಡಗಟ್ಟಲು ಅವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕಾಯಿತು.

“ಇದು ಮಂಡಿಗೆ ಒಳ್ಳೇದಾ?”

“ಆಯ್ತು.”

“ಯಾವ ಡಾಕ್ಟ್ರು ಹೇಳಿದ್ದು?”

“ಯಾರೂ ಇಲ್ಲ ಸಾರ್, ಹೇಳ್ಬಾರ್ದು.”

“ಹೇಳ್ಬಾರದ ಡಾಕ್ಟ್ರು ಅಂದ್ರೆ ತುಂಬಾ ದೊಡ್ಡವ್ರೇ ಇರ್ಬೇಕು,” ಎಂದು ಅಧ್ಯಕ್ಷರು ಗಂಭೀರವಾಗಿ ತಲೆದೂಗಿದರು. “ಅದೇನೋ ಬಾಯಲ್ಲಿ ಅಂತಿದ್ರಲ್ಲ?”

“ಏಳಗಮಾಬ್.”

“ಉಸಿರು ಬಿಡ್ತಾ ಅನ್ಬೇಕೋ, ತಗೋತಾ ಅನ್ಬೇಕೋ?”

ಆಯ್ತಪ್ಪನವರು ಆಯ್ತು ಎಂದರು. ಅಧ್ಯಕ್ಷರು ಎರಡೂ ಮಾಡಿ ನೋಡಿದರು. ಆ ವಾರ ಹೇಗೋ ಏನೋ ಅವರ ಮಂಡಿ ನೋವು ಇಳಿಯಿತು. ವಾರದ ಕೊನೆಗೆ ಸಂಘದ ಸದಸ್ಯರೆಲ್ಲ ತಮ್ಮ ಬೂದು ಬಣ್ಣದ ಸಮವಸ್ತ್ರದಲ್ಲಿ ಸಾಲಾಗಿ ಹಿಂದಕ್ಕೆ ನಡೆಯುತ್ತಾ ಬೀದಿ ಸುತ್ತುತ್ತಿದ್ದರು. ಮುಂದಿನವರು, ಎಂದರೆ ಹಿಂದಿನವರು, “ಏಳಗ” ಎನ್ನುವರು, ಉಳಿದವರು “ಮಾಬ್” ಎನ್ನುವರು. ಹಾಲಿನವನು ಮೊದಲೆರಡು ದಿನ ಅವರಿಗೆ ಢಿಕ್ಕಿ ಹೊಡೆದ. ಆಮೇಲೆ ಎದುರಿಗೆ ಬರುವುದಕ್ಕಿಂತ ಜೊತೆಗೆ ಹೋಗುವುದು ವಾಸಿ ಎಂದು ಕಂಡು, ಸೈಕಲ್ಲಿನಿಂದ ಇಳಿದು ಅದನ್ನು ಹಿಂದಕ್ಕೆ ತಳ್ಳಿಕೊಂಡು ಬರತೊಡಗಿದ.

ಕಚೇರಿಯಲ್ಲಿ ನಡೆದದ್ದು ಇನ್ನೂ ಘನವಾದದ್ದು. ಸಾಹೇಬರ ಕೋಣೆಗೆ ಕಡತ ಒಯ್ದ ಆಯ್ತಪ್ಪನವರು ಮೇಜಿನ ಮುಂದೆ ಅದನ್ನಿಟ್ಟು, ಅಭ್ಯಾಸ ತಪ್ಪಬಾರದೆಂದು, ಅವರ ಮುಖವನ್ನೇ ನೋಡುತ್ತಾ ಹಿಂದುಹಿಂದಾಗಿ ಬಾಗಿಲ ತನಕ ಬಂದು ಹೊರಬಿದ್ದರು. ಸಾಹೇಬರಿಗೆ ನಿವೃತ್ತಿ ಹತ್ತಿರವಾಗಿತ್ತು. ಇಷ್ಟು ವರ್ಷದ ಸೇವೆಯಲ್ಲಿ ತಮಗೆ ಬೆನ್ನು ತೋರಿಸದೆ ಹೋದ ನೌಕರನನ್ನು ಅವರು ನೋಡಿರಲಿಲ್ಲ. ಅಂದು ಮಧ್ಯಾಹ್ನ ಆಯ್ತಪ್ಪನವರಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಸಂಜೆಯೊಳಗೆ ಇನ್ನೂ ನಾಲ್ಕಾರು ಜನ ಸಾಹೇಬರ ಕೋಣೆಯಿಂದ ಹಿಂದಕ್ಕೆ ನಡೆದು ಬಂದು ಬಾಗಿಲಿಗೆ ತಲೆ ಬಡಿಸಿಕೊಂಡರು.

ನೌಕರರ ಸಂಘದ ಕಾರ್ಯದರ್ಶಿಗೆ ಕೆಂಡದಂಥ ಸಿಟ್ಟು ಬಂತು. “ಇದು ಗುಲಾಮಗಿರಿ! ಬೆನ್ನು ತೋರ್ಸೋದು ನಮ್ಮ ಹಕ್ಕು!” ಎಂದು ತುರ್ತುಸಭೆ ಕರೆದರು. ಸಂಘದವರು ಇನ್ನು ಮುಂದೆ ಸಾಹೇಬರಿಗೆ ಬೆನ್ನು ತೋರಿಸಿಯೇ ಹೋಗತಕ್ಕದ್ದು, ಬೆನ್ನು ತೋರಿಸಿಯೇ ಬರತಕ್ಕದ್ದು ಎಂದು ನಿರ್ಣಯವಾಯಿತು. ಹೀಗಾಗಿ ಸಂಘದವರು ಒಳಗೆ ಹೋಗುವಾಗ ಹಿಮ್ಮುಖವಾಗಿ ಹೋಗುತ್ತಿದ್ದರು, ಸಾಹೇಬರ ಕಡೆಯವರು ಹೊರಗೆ ಬರುವಾಗ ಹಿಮ್ಮುಖವಾಗಿ ಬರುತ್ತಿದ್ದರು, ಮತ್ತು ಬಾಗಿಲಲ್ಲಿ ಎರಡು ಪಕ್ಷಗಳ ಬೆನ್ನುಗಳು ದಿನವಿಡೀ ಗುದ್ದಾಡುತ್ತಿದ್ದವು. ಸಾಹೇಬರು ಕಾರ್ಯದರ್ಶಿಯ ಬೆನ್ನಿನೊಂದಿಗೆ ಕುಡಿಯುವ ನೀರಿನ ಬಗ್ಗೆ ದೀರ್ಘವಾಗಿ ಚರ್ಚಿಸಿದರೆಂದು ಕೇಳಿದ್ದೇನೆ. ಎರಡೂ ಪಕ್ಷದವರು ಆಯ್ತಪ್ಪನವರನ್ನು ಬೇರೆಬೇರೆಯಾಗಿ ಕರೆದು “ನೀವು ನಮ್ಮ ಕಡೆ ತಾನೇ?” ಎಂದು ಕೇಳಿದರು. ಅವರು ಏನು ಹೇಳಿದರೆಂದು ಬರೆಯಬೇಕಾಗಿಲ್ಲ.

ಈ ನಡುವೆ ಭಾವನವರು ಸ್ಕೂಟರಿನಲ್ಲಿ ಬಂದರು. ಬೀದಿಯ ನಡುವೆಯೇ ಅವರಿಗೆ ಭಾವಮೈದುನನ ಬೆನ್ನು ಎದುರಾಯಿತು.

“ಏನಯ್ಯಾ, ಅಲ್ಲಿ ನನ್ನ ಮಗಳು ಬಾಗಿಲು ಹಾಕ್ಕೊಂಡು ತಿರುಗಾಮುರುಗಾ ಮಾತಾಡ್ತಾಳೆ. ಒಂದಕ್ಷರ ಅರ್ಥ ಆಗಲ್ಲ. ಇಲ್ಲಿ ನೀನು ತಿರುಗಾಮುರುಗಾ ನಡೀತೀಯ. ಏನು, ನಿಮ್ಮ ಮನೆತನದಲ್ಲೇ ಇದೆಯಾ ಇದು?”

“ಭಾವ, ಅವಳು ತುಂಬಾ ಚೆನ್ನಾಗಿ ಹಾಡ್ತಾಳೆ.”

“ಅದು ಹಾಡಾ? ಶನಿವಾರ ಏನೋ ಶೂಟಿಂಗ್ ಅಂತಲ್ಲ, ಬರ್ತೀನಿ. ಅಲ್ಲಿಂದಾನೇ ಕರ್ಕೊಂಡು ಹೋಗಿ ಕೌಂಟರಲ್ಲಿ ಕೂರಿಸ್ತೀನಿ. ಅವಳ ತಲೆ ಪೂರ್ತಿ ಕೆಡೋಕೆ ಮುಂಚೆ.” ಸ್ಕೂಟರು ತಿರುಗಿಸುವಾಗ ಸ್ವಲ್ಪ ತಡೆದು, “ಸರಿಯಾಗಿ ಊಟಾನೂ ಮಾಡ್ತಿಲ್ಲ ಕಣಯ್ಯಾ ಅವಳು,” ಎಂದರು.

ಆಯ್ತಪ್ಪನವರು ಆ ದಿನ ಮೊದಲ ಸಲ ಹೆದರಿದರು. ತಾವು ಒಂದು ಹೆಜ್ಜೆ ತಪ್ಪಿದರೆ ಹುಡುಗಿಯ ಹಾಡು ಅಲ್ಲಿಗೇ ಮುಗಿಯಿತು ಎಂಬುದು ಅವರ ತಲೆಗೆ ಹೊಕ್ಕಿತು. ಅಭ್ಯಾಸವನ್ನು ಇಮ್ಮಡಿ ಮಾಡಿದರು. ಅಡುಗೆಮನೆಗೂ ಹಿಂದುಹಿಂದಾಗಿಯೇ ಹೋಗಿ ಬಂದರು. ಹೆಂಡತಿ ಇನ್ನಷ್ಟು ಕರಗಿದರು.

ಶನಿವಾರ ಬಂತು. ಒಳ್ಳೆಯ ಚಳಿ, ಎಳೆಬಿಸಿಲು ಬೀದಿಯುದ್ದಕ್ಕೂ ನೇರವಾಗಿ ಬಿದ್ದಿತ್ತು. ಹುಡುಗಿ ತೋಳಿಲ್ಲದ ಮಾಸಲು ಉಡುಪಿನಲ್ಲಿ, ಮೇಲೆ ಹಳದಿ ಕೋಟು ಹಾಕಿ ನಿಂತಿದ್ದಳು. ಕ್ಯಾಮೆರಾದವನು ಮದುವೆ ವಿಡಿಯೋ ತೆಗೆಯುವವನು. ಅವನನ್ನು ಗ್ಯಾಸ್ ಸಿಲಿಂಡರ್ ಸಾಗಿಸುವ ತಳ್ಳುಗಾಡಿಯ ಮೇಲೆ ಕೂರಿಸಿ, ಎಳೆಯುವ ಕೆಲಸವನ್ನು ದರ್ಜಿಗೆ ಒಪ್ಪಿಸಿದ್ದರು. ಎಲ್ಲ ಸಿದ್ಧವಾಗಿತ್ತು. ಬೀದಿಯವರು ಎಂದಿನಂತೆ ಹೊರಬರುವುದಷ್ಟೇ ಬಾಕಿ.

ಬೀದಿಯವರು ಎಂದಿನಂತೆ ಹೊರಬಂದರು.

ಮೊದಲು ಅಧ್ಯಕ್ಷರ ಬೆನ್ನು ಬಂತು. ಅದರ ಹಿಂದೆ ಬೂದು ಸಮವಸ್ತ್ರದ ಇಡೀ ಸಂಘ, “ಏಳಗ”, “ಮಾಬ್”, “ಏಳಗ”, “ಮಾಬ್” ಎನ್ನುತ್ತಾ. ಆಮೇಲೆ ಗೇಟುಗಳಲ್ಲಿ ನಿಂತ ಹೆಂಡತಿಯರನ್ನು ನೋಡುತ್ತಾ ಹಿಂದಕ್ಕೆ ಹೊರಟ ಗಂಡಂದಿರು. ಅವರಲ್ಲಿ ನಾನೂ ಒಬ್ಬ. ಆಮೇಲೆ ಹಿಂದಕ್ಕೆ ತಳ್ಳಿಕೊಂಡು ಬಂದ ಸೈಕಲ್ಲು, ಹಾಲಿನ ಕ್ಯಾನು.

ಹುಡುಗಿ ಬೀದಿಯನ್ನು ನೋಡಿದಳು, ಮಾಮನನ್ನು ನೋಡಿದಳು. “ಮಾಮ, ಏನಿದು?”

“ನಾನು ಯಾರಿಗೂ ಹೇಳ್ಲಿಲ್ಲಮ್ಮ,” ಎಂದರು ಆಯ್ತಪ್ಪನವರು. ಅದು ನಿಜವೇ ಆಗಿತ್ತು.

“ಇವರೂ ಹಿಂದಕ್ಕೆ, ನಾವೂ ಹಿಂದಕ್ಕೆ. ತಿರುಗಿಸಿದ್ರೆ ಎಲ್ರೂ ಮುಂದಕ್ಕೆ! ಬೆಳಿಗ್ಗೆ ಜನ ಆಫೀಸಿಗೆ ಹೋಗ್ತಿರೋ ಹಾಗೆ ಕಾಣುತ್ತೆ, ಅಷ್ಟೇ. ಅದನ್ನ ಯಾರು ನೋಡ್ತಾರೆ ಮಾಮ?” ಹುಡುಗಿಯ ದನಿ ಒಡೆಯಿತು. ನಮ್ಮ ಜಗಲಿಯ ಮೇಲೆ ಕುಸಿದು ಕೂತಳು.

ಆಯ್ತಪ್ಪನವರು ಓಡಿಹೋಗಿ ಅಧ್ಯಕ್ಷರ ಮುಂದೆ ಕೈಮುಗಿದು ನಿಂತರು. ಜೀವಮಾನದಲ್ಲೇ ಮೊದಲ ಸಲ ಅವರು ಒಬ್ಬರಿಗೆ ಬೇಡ ಎನ್ನಲು ಹೊರಟಿದ್ದರು. ಅಭ್ಯಾಸವಿಲ್ಲದ್ದರಿಂದ ಅದು “ಬೇಡವಾ?” ಎಂದು ಹೊರಬಂತು.

“ಬೇಕು!” ಎಂದರು ಅಧ್ಯಕ್ಷರು ಹಿಂದಕ್ಕೆ ಸರಿಯುತ್ತಲೇ. “ಇನ್ನೂ ಎರಡು ಸುತ್ತು ಬಾಕಿ ಇದೆ. ನಡುವೆ ದಿಕ್ಕು ಬದಲಾಯಿಸಿದ್ರೆ ಮಂಡಿ ಉಳಿಯುತ್ತಾ? ಒಳ್ಳೇದು ಅಂತ ನೀವೇ ಹೇಳಿದ್ದಲ್ವಾ?”

ಗಂಡಂದಿರನ್ನು ಕೇಳಿ ಪ್ರಯೋಜನವಿರಲಿಲ್ಲ. ಹೆಂಡತಿಯರು ನೋಡುತ್ತಿದ್ದರು. ಕ್ಯಾಮೆರಾದವನು ಗಾಡಿಯ ಮೇಲಿಂದಲೇ “ಮೇಡಂ, ಬಿಸಿಲು ಏರ್ತಾ ಇದೆ” ಎಂದ. ಆಯ್ತಪ್ಪನವರು ತಲೆ ತಗ್ಗಿಸಿ ಬಂದು ಹುಡುಗಿಯ ಪಕ್ಕದಲ್ಲಿ ಕೂತರು. ಆ ಸ್ವೆಟರಿನಲ್ಲಿ ಅವರು ನಿಜವಾಗಿಯೂ ಎಲ್ಲ ಕಳೆದುಕೊಂಡ ಒಬ್ಬ ಅಪ್ಪನ ಹಾಗೆ ಕಾಣುತ್ತಿದ್ದರು. ನನಗೆ ಬಹಳ ಬೇಸರವಾಯಿತು. ಹಿಂದಕ್ಕೆ ನಡೆಯುತ್ತಿದ್ದರೂ ಬೇಸರವಾಯಿತು.

ಹುಡುಗಿ ಮೂಗು ಒರೆಸಿಕೊಂಡು ಮತ್ತೊಮ್ಮೆ ಬೀದಿಯ ಕಡೆ ನೋಡಿದಳು. ನೋಡುತ್ತಾ ನೋಡುತ್ತಾ ಎದ್ದು ನಿಂತಳು.

“ಮಾಮ! ತಿರುಗಿಸೋದೇ ಬೇಡ! ಬೀದಿ ಹಿಂದಕ್ಕೆ ಹೋಗ್ಬೇಕು ಅಂತ ತಾನೇ ನಾವು ಇಷ್ಟೆಲ್ಲಾ ಮಾಡಿದ್ದು? ಹೋಗ್ತಾ ಇದೆಯಲ್ಲ! ಹೀಗೇ ತೆಗೆಯೋಣ. ನಾನು ಈ ತುದಿಯಿಂದ ಸೀದಾ ನಡ್ಕೊಂಡು ಬರ್ತೀನಿ, ನೀನು ಆ ತುದಿಯಿಂದ ಸೀದಾ ನಡ್ಕೊಂಡು ಬಾ. ಕೋಟು ಹೊದಿಸಿ ‘ಬಾ ಮಗಳೇ’ ಅನ್ನು. ಸೀದಾ, ಮಾಮ. ಸೀದಾ ನಡಿ. ತಿಳೀತಾ?”

“ಆಯ್ತು,” ಎಂದರು ಮಾಮ. ಕೋಟು ತೆಗೆದುಕೊಂಡು ಆ ತುದಿಗೆ ಓಡಿದರು. ಓಡಿದ್ದು ಹಿಂದಕ್ಕೆ ಎಂಬುದನ್ನು ಅವಸರದಲ್ಲಿ ಯಾರೂ ಗಮನಿಸಲಿಲ್ಲ.

ಹಾಡು ಮೊಳಗಿತು. ಹುಡುಗಿ ಬಾಯಿ ತೆರೆದು, ನೆಟ್ಟಗಿನ ಮಾತಿನಲ್ಲಿ, ಬೀದಿಯ ನಡುವೆ ಮುಂದಕ್ಕೆ ನಡೆದು ಬಂದಳು. ದರ್ಜಿ ಗಾಡಿ ಎಳೆದ. ಬೂದು ಬಣ್ಣದ ಒಂದು ಲೋಕವೇ ಅವಳ ಎರಡೂ ಕಡೆ ಹಿಂದಕ್ಕೆ ಸರಿಯುತ್ತಿತ್ತು. ಬೀದಿಯ ಆ ತುದಿಯಲ್ಲಿ, ಹಳದಿ ಕೋಟನ್ನು ಎರಡು ಕೈಗಳಲ್ಲಿ ಚಾಚಿ ಹಿಡಿದು, ಆಯ್ತಪ್ಪನವರು ನಿಂತಿದ್ದರು. ಹಾಡು ಕಿವಿಗೆ ಬಿದ್ದದ್ದೇ ತಡ, ಅವರ ಬಲಗಾಲು ಹಿಂದಕ್ಕೆ ಹೋಯಿತು.

ಮುಂದಕ್ಕೆ ಬರಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಖದಲ್ಲಿ ಅದು ಕಾಣುತ್ತಿತ್ತು. ಆದರೆ ಕಾಲು ಕೇಳಬೇಕಲ್ಲ! ಕಾಲಿಗೆ ಗೊತ್ತಿದ್ದದ್ದು ಒಂದೇ ದಾರಿ. ಹುಡುಗಿ ಒಂದು ಹೆಜ್ಜೆ ಮುಂದಿಟ್ಟರೆ ಅವರು ಒಂದು ಹೆಜ್ಜೆ ಹಿಂದೆ. ಅವಳು ಬೇಗ ಬಂದರೆ ಇವರೂ ಬೇಗ. ಕೋಟು ಚಾಚಿಯೇ ಇದೆ, ಕಣ್ಣು ಅವಳ ಮುಖದಲ್ಲೇ ಇದೆ, ಬಾ ಎಂದು ಕರೆಯಲು ಬಾಯಿ ತೆರೆದರೆ ಬರುತ್ತಿರುವುದು “ಏಳಗಮಾಬ್”. ಅವರ ಕಣ್ಣಲ್ಲಿ ನೀರು ಬಂತು. ಅದು ನಟನೆಯಾಗಿರಲಿಲ್ಲ, ಭಯವಾಗಿತ್ತು. ಹುಡುಗಿಯ ಕಣ್ಣಲ್ಲೂ ನೀರು ಬಂತು, ಅದು ಸಿಟ್ಟು. ಹಾಡನ್ನು ಮಾತ್ರ ಬಿಡಲಿಲ್ಲ. ಕ್ಯಾಮೆರಾದವನೂ ನಿಲ್ಲಿಸಲಿಲ್ಲ. ಮದುವೆ ವಿಡಿಯೋದವನಿಗೆ ಏನೇ ಅನಾಹುತವಾದರೂ ತೆಗೆಯುತ್ತಲೇ ಇರುವುದು ರೂಢಿ. ಮದುವೆಯನ್ನು ಇನ್ನೊಮ್ಮೆ ಮಾಡಿ ಎಂದು ಯಾರನ್ನೂ ಕೇಳುವ ಹಾಗಿಲ್ಲ.

ಇನ್ನು ಸ್ವಲ್ಪ ಹಿಂದೆ ಹೋದರೆ ಬಸ್ಸು ಓಡಾಡುವ ದೊಡ್ಡ ರಸ್ತೆ. ಅಷ್ಟರಲ್ಲಿ ಭಾವನವರ ಸ್ಕೂಟರು ಬಂದು ಬೀದಿಯ ಬಾಯಲ್ಲಿ ನಿಂತಿತು. ಭಾವ ಇಳಿದರು. ಇಳಿದದ್ದೇ, ಭಾವಮೈದುನನ ಬೆನ್ನು ಬಂದು ಅವರ ಎದೆಗೆ ದಢಾರನೆ ಬಡಿಯಿತು. ಆಯ್ತಪ್ಪನವರು ಕಡೆಗೂ ನಿಂತರು. ತಿರುಗಿ ನೋಡಿದರು. ನಿಜವಾದ ಅಪ್ಪನನ್ನು ಕಂಡದ್ದೇ, ಕೋಟನ್ನು ಅವರ ಕೈಗೆ ತುರುಕಿ ಪಕ್ಕಕ್ಕೆ ಸರಿದರು.

ಭಾವನವರಿಗೆ ಕ್ಯಾಮೆರಾ ಕಾಣಲಿಲ್ಲ, ಗಾಡಿ ಕಾಣಲಿಲ್ಲ. ಅವರಿಗೆ ಕಂಡದ್ದು ಚಳಿಯಲ್ಲಿ ತೋಳಿಲ್ಲದ ಬಟ್ಟೆ ಹಾಕಿಕೊಂಡು, ಅಳುತ್ತಾ, ಎದುರಿಗೆ ಬರುತ್ತಿರುವ ಮಗಳು.

“ಬುದ್ಧಿ ಇದೆಯೇನೇ ನಿಂಗೆ? ಈ ಚಳೀಲಿ ಹೀಗಾ ಬರೋದು? ಹಾಕ್ಕೋ ಮೊದ್ಲು. ಹಾಕ್ಕೋ ಅಂದೆ!” ಎಂದು ಗದರುತ್ತಾ ಕೋಟು ಹೊದಿಸಿದರು. ಕುತ್ತಿಗೆಯ ಗುಂಡಿ ಹಾಕಿದರು. ಗುಂಡಿ ಬಿಗಿಯಾಗಿತ್ತು, ಎರಡು ಸಲ ಜಾರಿತು. ಆಮೇಲೆ ಅಂಗೈಯಿಂದ ಮಗಳ ಮುಖ ಒರೆಸಿದರು. ಅಲ್ಲಿಗೆ ಹಾಡು ಮುಗಿಯಿತು.

ವಿಡಿಯೋ ಹೊರಬಂದ ಮೇಲೆ ಜನ ಅದನ್ನು ಬಹಳ ನೋಡಿದರು. ಅಷ್ಟು ಜನರಿಗೆ ಒಂದೇ ಬಗೆಯ ಬೂದು ಉಡುಪು ಹಾಕಿಸಿದ ವಸ್ತ್ರವಿನ್ಯಾಸ ಯಾರದ್ದೆಂದು ಕೇಳಿದರು. ಹಿಂದೆ ಹೋಗುತ್ತಲೇ ಇರುವ ಆ ಸ್ವೆಟರಿನ ಮನುಷ್ಯ ಹುಡುಗಿಯ ಬಾಲ್ಯವೆಂದು ಕೆಲವರು, ಸಮಾಜವೆಂದು ಕೆಲವರು ವಾದಿಸಿದರು. ಆತ ತುಟಿಯಲ್ಲಿ ಏನು ಹೇಳುತ್ತಾನೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕಚೇರಿಯಲ್ಲಿ ಸಾಹೇಬರು ಅದನ್ನು ನೋಡಿ ಒಂದು ದಿನ ಬಾಗಿಲು ಹಾಕಿಕೊಂಡು ಕೂತಿದ್ದರು. ಆಯ್ತಪ್ಪನವರ ಹೆಂಡತಿಗೂ ವಿಷಯ ತಿಳಿಯಿತು. ಮಾರನೆಯ ಬೆಳಿಗ್ಗೆ ಆಯ್ತಪ್ಪನವರು ತಲೆ ತಗ್ಗಿಸಿ ಸೀದಾ ಹೊರಟರು. ಗೇಟಿನಿಂದ ದನಿ ಬಂತು: “ಇಷ್ಟು ದಿನ ಸುಳ್ಳುಸುಳ್ಳೇ ನೋಡಿದ್ರಿ. ಇವತ್ತೊಂದಿನ ನಿಜವಾಗಿ ನೋಡ್ಕೊಂಡು ಹೋಗಿ.” ಅವರು ತಿರುಗಿದರು. ಆಕೆ ಒಳ್ಳೆಯ ಸೀರೆಯನ್ನೇ ಉಟ್ಟಿದ್ದರು.

ತಿಂಗಳ ಮೊದಲ ದಿನ ನಾನು ನಲ್ಲಿಗೆ ವಾಷರ್ ಕೊಳ್ಳಲು ಭಾವನವರ ಅಂಗಡಿಗೆ ಹೋಗಿದ್ದೆ. ಅವರು ಪೇಂಟ್ ಕೌಂಟರಿನ ಮೇಲೆ ಮೊಬೈಲು ಒರಗಿಸಿಟ್ಟುಕೊಂಡು ಅದೇ ಹಾಡು ನೋಡುತ್ತಿದ್ದರು. ಕೋಟಿನ ಜಾಗ ಬಂದಾಗ ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತಿದ್ದರು. ಅಷ್ಟರಲ್ಲಿ ಹುಡುಗಿ ಬಂದಳು. ಹಾಡನ್ನು ಎಷ್ಟು ಜನ ನೋಡಿದರೂ ಅದು ನೆಟ್ಟಗಾಯಿತೆಂದು ಅಪ್ಪ ಬಾಯಿಬಿಟ್ಟು ಹೇಳಿರಲಿಲ್ಲ, ಮತ್ತು ಅವಳು ಮಾತು ಕೊಟ್ಟಿದ್ದಳು. ಕೂದಲು ಬಿಗಿದು ಕಟ್ಟಿ, ಅಂಗಡಿಯ ಏಪ್ರನ್ನು ಹಾಕಿಕೊಂಡಳು.

“ಎಲ್ಲಿ ಕೂತ್ಕೊಳ್ಲಿ ಅಪ್ಪ?”

ಭಾವ ಮೊಬೈಲಿನಿಂದ ಕಣ್ಣು ಎತ್ತಲಿಲ್ಲ.

“ನೋಡಿಲ್ಲಿ. ಜೇಬಲ್ಲಿ ಅಳತೆ ಟೇಪು ಇಣುಕ್ತಾ ಇದೆ. ಕಾಲರ್ ಮೇಲೆ ವಾರ್ನಿಶ್ ಕಲೆ. ಊರಿಗೆಲ್ಲಾ ಈ ಶರ್ಟಲ್ಲಿ ತೋರಿಸ್ಬಿಟ್ಯಲ್ಲ ನನ್ನ. ಮುಂದಿನ ಹಾಡಿಗೆ ಮೊದಲೇ ಹೇಳ್ಬೇಕು ನೀನು.”

ಏಪ್ರನ್ನಿನ ಗಂಟನ್ನು ಬಿಚ್ಚಲು ಹುಡುಗಿಯ ಕೈ ಹಿಂದಕ್ಕೆ ಹೋಯಿತು, ಆದರೆ ಬೆರಳಿಗೆ ಗಂಟು ಸಿಗಲಿಲ್ಲ.

“ಯಾವ ಬಣ್ಣದ ಶರ್ಟು ಬೇಕು ಅಪ್ಪ?” ಎಂದಳು ಕೊನೆಗೆ.

ಭಾವ ಕನ್ನಡಕ ಏರಿಸಿಕೊಂಡು ಪೇಂಟಿನ ಶೇಡ್ ಕಾರ್ಡನ್ನು ಹತ್ತಿರ ಎಳೆದುಕೊಂಡರು. ಅಪ್ಪ ಮಗಳು ಇಬ್ಬರೂ ಅದರ ಮೇಲೆ ಬಗ್ಗಿದರು. ನಾನು ಎರಡು ಸಲ ಕೆಮ್ಮಿದೆ, ಒಂದು ಸಲ ಮೇಜು ತಟ್ಟಿದೆ. ವಾಷರ್ ಆ ದಿನ ಸಿಗಲಿಲ್ಲ.